ಸಾಕು ಎನ್ನುವ ಕೆಲಸ

ನಮ್ಮೂರಿನಲ್ಲಿ ಒಂದು ಕೆಲಸವನ್ನು ಒಡೆದು ಎರಡು ಮಾಡಿ, ಹಾಗೆಂದು ವಿಂಗಡಣೆ ಕಚೇರಿಯ ಜಗಲಿಯ ಮೇಲೆ ನಿಂತು ಕೂಗಿಬಿಟ್ಟರೆ, ಅಲ್ಲಿಯವರೆಗೆ ಎರಡನ್ನೂ ಮಾಡುತ್ತಿದ್ದವನ ಕೈ ಒಂದನ್ನು ಮರೆತುಬಿಡುತ್ತದೆ. ಮೈಗಳ್ಳತನವಲ್ಲ, ಕೈ ಅಲ್ಲಿಗೆ ಹೋಗುವುದೇ ಇಲ್ಲ. ದರ್ಜಿ ನಾರಣಪ್ಪನಿಂದ ಗುಂಡಿಯ ಕೆಲಸ ಬೇರೆಯಾದ ಮರುದಿನ ಅವನು ತನ್ನದೇ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ, ಎದೆ ಬಿಟ್ಟುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದ. ಕಚೇರಿಯಲ್ಲಿ ಹೆಸರು ಬರೆಸಿದ ಕೆಲಸಗಾರರಿಗೆ ಮಾತ್ರ ಈ ಬಾಧೆ. ಸುಮ್ಮನೆ ಮನೆಯ ಒಲೆ ನೋಡಿಕೊಳ್ಳುವವರಿಗೆ ತಟ್ಟುವುದಿಲ್ಲ. ಇದಕ್ಕೆ ಯಾರೂ ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಹುಡುಗಿಯ ಕಡೆಯವರು ಜಾತಕದ ಜೊತೆಗೆ ಹುಡುಗನ ಕೈಗೆ ಏನೇನು ಬರುತ್ತದೆ, ಏನೇನು ಬರುವುದಿಲ್ಲ ಎಂದು ವಿಚಾರಿಸುವುದನ್ನು ಕಲಿತರು, ಅಷ್ಟೆ. ನಾರಣಪ್ಪನಿಗೆ ಗುಂಡಿ ಹೊಲಿಯುವವಳನ್ನೇ ನೋಡಿ ಮದುವೆ ಮಾಡಿದರು. ಇಬ್ಬರೂ ಚೆನ್ನಾಗಿದ್ದಾರೆ.

ನಾನು ಆ ಕಚೇರಿಯಲ್ಲಿ ಕೆಲಸ ಒಡೆಯುವವಳು. ಅಂಗಡಿಗೋ ಆಸ್ಪತ್ರೆಗೋ ಹೋಗಿ, ಒಂದು ಮೂಲೆಯಲ್ಲಿ ಕುಳಿತು, ಅಲ್ಲಿ ಯಾರು ಏನು ಮಾಡುತ್ತಾರೆ ಎಂದು ನೋಡಿ, ಎಲ್ಲಿ ಒಡೆಯಬೇಕು, ಎಲ್ಲಿ ಕೈ ಬಿಡಬೇಕು ಎಂದು ಹೇಳಬೇಕು. ಒಡೆಯುವುದು ಕೆಟ್ಟದ್ದೆಂದು ನಾನು ಯಾವತ್ತೂ ಹೇಳಿದವಳಲ್ಲ. ಮೊದಲು ನಮ್ಮ ಆಸ್ಪತ್ರೆಯ ಡಾಕ್ಟರೇ ನಾಡಿ ನೋಡಿ, ಔಷಧ ಕಲಸಿ, ಕೊನೆಗೆ ಕಸವನ್ನೂ ಗುಡಿಸುತ್ತಿದ್ದರು. ಗಡಿಬಿಡಿಯಲ್ಲಿ ಕೆಮ್ಮಿನವರಿಗೆ ಭೇದಿಯ ಔಷಧ ಹೋಗುತ್ತಿತ್ತು. ಆ ಕೆಲಸವನ್ನು ಮೂರು ಮಾಡಿದ ದಿನ ಡಾಕ್ಟರು ಪೊರಕೆಯನ್ನು ಕೆಳಗಿಟ್ಟು ಅತ್ತಿದ್ದರು. ಆಗ ನಮಗೆ ಮುಖ್ಯಸ್ಥರಾಗಿದ್ದವರು ಮರುಳಪ್ಪನವರು. ಒಬ್ಬನ ಪಾಲಿಗೆ ಬಂದ ಕೆಲಸವನ್ನು ಅವನು ಬೀಗರ ಮನೆಯಲ್ಲಿ ತಲೆ ಎತ್ತಿ ಹೇಳಿಕೊಳ್ಳುವಂತಿರಬೇಕು, ಹೇಳಲು ನಾಚಿಕೆಯಾಗುವಷ್ಟು ಸಣ್ಣದಾದರೆ ಒಂದು ಮೆಟ್ಟಿಲು ಹಿಂದಕ್ಕೆ ಬಾ ಎನ್ನುತ್ತಿದ್ದರು. ಅವರ ಅಳತೆ ಅಷ್ಟೇ. ಅವರು ನಿವೃತ್ತರಾದ ಮೇಲೆ ಸರ್ವೋತ್ತಮ ರಾಯರು ಬಂದರು.

ರಾಯರು ಸಭ್ಯರು. ಪೌಡರು ಹಾಕಿಕೊಂಡು ಬರುತ್ತಿದ್ದರು, ಕುರ್ಚಿಯನ್ನು ಒರೆಸದೆ ಕೂರುತ್ತಿರಲಿಲ್ಲ, ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ಬಂದ ವಾರದಲ್ಲೇ ಕಚೇರಿಯ ಗೋಡೆಗೆ ದೊಡ್ಡ ಕರಿಹಲಗೆ ಹಾಕಿಸಿದರು. ಅದರ ಮೇಲೆ ಒಂದು ಚೌಕ ಬರೆದು, ಅದರ ಕೆಳಗೆ ಎರಡು ಬರೆದು, ಅವುಗಳ ಕೆಳಗೆ ನಾಲ್ಕು ಬರೆದು, ಹಲಗೆ ಮುಗಿದ ಮೇಲೆ ಗೋಡೆಗಿಳಿದು, ಗೋಡೆ ಮುಗಿದ ಮೇಲೆ ಮೊಣಕಾಲೂರಿ ನೆಲದ ಮೇಲೂ ಬರೆಯುತ್ತಿದ್ದರು. ಒಂದು ಕೆಲಸವನ್ನು ಒಡೆಯಲು ಬರುತ್ತದೆ ಎಂದಾದರೆ ನಾವಿನ್ನೂ ಅದರ ತಳ ಮುಟ್ಟಿಲ್ಲ ಎಂದೇ ಅರ್ಥ ಎಂಬುದು ಅವರ ಸಿದ್ಧಾಂತ. ಮರುಳಪ್ಪನವರ ಬೀಗರ ಮಾತನ್ನು ನಾನು ಹೇಳಿದಾಗ ನಸುನಕ್ಕು, ಬೀಗರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಜ್ಞಾನ ಇನ್ನೂ ಬಂದಿಲ್ಲ ಎಂದರು.

ಮೊದಲು ಕ್ಷೌರದಂಗಡಿ ಒಡೆಯಿತು. ನೀರು ಚಿಮುಕಿಸುವವನೊಬ್ಬ, ಸೋಪು ಹಚ್ಚುವವನೊಬ್ಬ, ಬಲಗೆನ್ನೆಯವನೊಬ್ಬ, ಎಡಗೆನ್ನೆಯವನೊಬ್ಬ. ಎಡಗೆನ್ನೆಯವನು ಹೆಂಡತಿಯ ಊರಿಗೆ ಹೋಗಿ ಜ್ವರ ಹಿಡಿದು ಮಲಗಿದ. ಊರಿನ ಗಂಡಸರೆಲ್ಲ ಅರ್ಧ ಗಡ್ಡದಲ್ಲಿ ತಿರುಗಿದರು. ಅದಕ್ಕೂ ಒಗ್ಗಿಕೊಂಡರು. ಎದುರು ಬಂದವರಿಗೆ ನುಣುಪಾದ ಕೆನ್ನೆಯೇ ಕಾಣಲೆಂದು ಹೋಗುವಾಗ ರಸ್ತೆಯ ಒಂದು ಬದಿ, ಬರುವಾಗ ಇನ್ನೊಂದು ಬದಿ ಹಿಡಿದು ನಡೆದರು. ಆಮೇಲೆ ಅಂಚೆ ಒಡೆಯಿತು. ಬಾಗಿಲು ತಟ್ಟುವವನು ತಟ್ಟಿ ಹೊರಟುಹೋಗುತ್ತಿದ್ದ, ಕಾಗದ ಕೊಡುವವನು ಮಧ್ಯಾಹ್ನ ಬರುತ್ತಿದ್ದ. ಜನ ಅಲ್ಲಿಯವರೆಗೆ ಬಾಗಿಲು ತೆರೆದುಕೊಂಡು ನಿಂತಿರಲು ಕಲಿತರು. ತೊಂದರೆಯಾಯಿತೆಂದು ಯಾರಾದರೂ ದೂರು ಕೊಡಲು ಬಂದರೆ, ದೂರು ಕೇಳುವುದನ್ನೂ ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದನ್ನೂ ರಾಯರು ಆಗಲೇ ಬೇರೆ ಬೇರೆ ಮಾಡಿದ್ದರು.

ನನ್ನ ಗಂಡ ವಾದಿರಾಜ ಪರಶಿವಯ್ಯನವರ ಹೋಟೆಲಿನಲ್ಲಿ ಅಡುಗೆಯವನು. ದಪ್ಪ ಮೈ, ಸದಾ ಏನೋ ಗುನುಗುವ ಬಾಯಿ. ಸಾರನ್ನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿ, ಒಂದು ಕ್ಷಣ ಆಕಾಶ ನೋಡಿ, ಆಮೇಲೆ ಚಿಟಿಕೆ ಏನನ್ನೋ ಹಾಕುತ್ತಿದ್ದ. ಮನೆಯಲ್ಲೂ ಒಲೆ ಅವನದೇ. ನಾನು ಮದುವೆಯಾಗಿ ಬಂದಾಗಿನಿಂದ ಹಾಲು ಕಾಯಿಸಿದವಳಲ್ಲ. ಅವನೂ ಕಾಯಿಸು ಎಂದವನಲ್ಲ. ಸರ್ವೋತ್ತಮ ರಾಯರು ದಿನಾ ಮಧ್ಯಾಹ್ನ ಪರಶಿವಯ್ಯನವರಲ್ಲೇ ಊಟ ಮಾಡುತ್ತಿದ್ದರು. ಅವರಿಗೆ ವಾದಿರಾಜನ ಸಾರೆಂದರೆ ಪ್ರಾಣ. ಎರಡು ಸಲ ಅನ್ನಕ್ಕೆ ಹಾಕಿಸಿಕೊಂಡು, ಮೂರನೆಯ ಸಲ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತಿದ್ದರು. ನಮ್ಮ ಕಷ್ಟಕ್ಕೆಲ್ಲ ಆ ಪ್ರೀತಿಯೇ ಕಾರಣವಾಯಿತು.

ಒಂದು ದಿನ ರಾಯರು ಲೋಟ ಕೆಳಗಿಟ್ಟು ಅವನನ್ನು ಕರೆಸಿ ಕೇಳಿದರಂತೆ: "ವಾದಿರಾಜರೇ, ನಿನ್ನೆ ಇದ್ದ ಸಾರು ಇವತ್ತು ಯಾಕಿಲ್ಲ?"

"ನಿನ್ನೆ ಬೇಳೆ ಬೇರೆ, ಇವತ್ತಿನ ಬೇಳೆ ಬೇರೆ ಸ್ವಾಮಿ," ಅಂದನಂತೆ ಇವನು. "ನಾನೂ ನಿನ್ನೆಯವನಲ್ಲ ನೋಡಿ."

ರಾಯರು ಕೈ ತೊಳೆದು ನೇರವಾಗಿ ಕಚೇರಿಗೆ ಬಂದು ಕರಿಹಲಗೆ ಒರೆಸಿದರು. ಒಬ್ಬನೇ ಮನುಷ್ಯ ಎಲ್ಲವನ್ನೂ ಮಾಡಿದರೆ ಅವನ ಮನಸ್ಸು ಸಾರಿನೊಳಗೆ ಬೀಳುತ್ತದೆ, ಅದನ್ನು ತಡೆಯಬೇಕು ಎಂದರು. ಒಡೆಯುವ ಕೆಲಸವನ್ನು ನನಗೇ ಒಪ್ಪಿಸಿದರು. ನಾನು ಸಾರು, ಅನ್ನ, ಪಲ್ಯ, ಸಿಹಿ ಎಂದು ನಾಲ್ಕು ಚೌಕ ಬರೆದು ಸೀಮೆಸುಣ್ಣ ಕೆಳಗಿಟ್ಟೆ. ಇದು ಒಡೆದದ್ದಲ್ಲ, ಹಂಚಿದ್ದು ಎಂದು ಅವರು ಸೀಮೆಸುಣ್ಣ ತೆಗೆದುಕೊಂಡರು. ಸಾರಿನ ಕೆಳಗೆ ಬೇಳೆ, ಹುಳಿ, ಉಪ್ಪು, ಪುಡಿ, ಒಗ್ಗರಣೆ ಎಂದು ಇಳಿಯಿತು. ಒಗ್ಗರಣೆಯ ಕೆಳಗೆ ಎಣ್ಣೆ, ಸಾಸಿವೆ, ಕರಿಬೇವು, ಕೊನೆಯಲ್ಲಿ ಸಾಸಿವೆ ಸಿಡಿಯುವಾಗ ಮುಚ್ಚಳ ಮುಚ್ಚುವುದು ಎಂದು ಇಳಿಯಿತು. ಇಷ್ಟು ಚೂರು ಮಾಡಿದರೆ ಸಾರು ಯಾರದೂ ಅಲ್ಲದ್ದಾಗುತ್ತದೆ ಎಂದು ನಾನು ವಾದಿಸಿದೆ. ನನ್ನೆದುರಿಗಿದ್ದ ಕಾಫಿ ಕೆನೆಗಟ್ಟುವವರೆಗೂ ವಾದಿಸಿದೆ. ರಾಯರು ತಾಳ್ಮೆಯಿಂದ ಕೇಳಿಸಿಕೊಂಡು, ಅಡುಗೆಯವರು ನಿಮ್ಮ ಯಜಮಾನರಾಗಿರದಿದ್ದರೆ ಇಷ್ಟು ಹೊತ್ತು ವಾದಿಸುತ್ತಿದ್ದಿರಾ ಎಂದು ಮೆಲ್ಲಗೆ ಕೇಳಿದರು. ನಾನು ಕೆನೆಗಟ್ಟಿದ ಕಾಫಿಯನ್ನು ಎತ್ತಿ ಕುಡಿದೆ.

ಹೋಟೆಲಿಗೆ ಹೊಸಬರನ್ನು ಕರೆದು ಒಂದೊಂದು ಚೌಕ ಹಂಚಿದರು. ವಾದಿರಾಜ ಹಿರಿಯ, ಆದ್ದರಿಂದ ಕಟ್ಟಕಡೆಯ ಜವಾಬ್ದಾರಿ ಅವನಿಗೇ ಸಲ್ಲಬೇಕು ಎಂದು ರಾಯರು ಗೌರವದಿಂದ ಮುಚ್ಚಳವನ್ನು ಕೊಟ್ಟರು. ಕಚೇರಿಯ ದ್ಯಾವಪ್ಪ ಜಗಲಿಯ ಮೇಲೆ ನಿಂತು ಗಂಟೆ ಬಾರಿಸಿ ಎಲ್ಲವನ್ನೂ ಕೂಗಿದ. ಉಸಿರು ಸಾಲದೆ ನಡುವೆ ನೀರು ಕುಡಿದು ಮುಂದುವರಿಸಿದ.

ಅವತ್ತು ಸಂಜೆ ವಾದಿರಾಜ ಮನೆಯಲ್ಲಿ ಒಲೆಯ ಮುಂದೆ ನಿಂತ. ಬೇಳೆ ಡಬ್ಬಿಯ ಕಡೆ ನೋಡಿದ. ಕೈ ಏಳಲಿಲ್ಲ. ನನ್ನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, ಇವತ್ತು ಅವಲಕ್ಕಿ ಮೊಸರು ತಿನ್ನೋಣವಾ ಎಂದ. ನಾನೇ ಕಲಸಿದೆ. ಉಪ್ಪು ಹೆಚ್ಚಾಗಿತ್ತು. ಅವನು ತಟ್ಟೆ ಖಾಲಿ ಮಾಡಿ, ಪಾತ್ರೆಯಲ್ಲಿ ಉಳಿದದ್ದಕ್ಕೆ ಮುಚ್ಚಳ ಮುಚ್ಚಿದ. ಬಹಳ ಚೆನ್ನಾಗಿ ಮುಚ್ಚಿದ.

ಹೋಟೆಲಿನಲ್ಲಿ ಸಾರು ಈಗ ದಿನಾ ಒಂದೇ ರುಚಿ. ಕಾದ ನೀರಿಗೂ ಅದಕ್ಕೂ ನಡುವೆ ಬಣ್ಣವೊಂದೇ ವ್ಯತ್ಯಾಸ. ಉಪ್ಪಿನ ಚೌಕ ಸಿಕ್ಕಿದ್ದು ಮಲ್ಲಾಜಮ್ಮನಿಗೆ. ಗಂಡ ಸತ್ತ ಮೇಲೆ ಬಸ್ ನಿಲ್ದಾಣದ ಬಳಿ ಸುಮ್ಮನೆ ಕುಳಿತಿರುತ್ತಿದ್ದ ಹೆಂಗಸು. ಅಂಗೈ ತುಂಬ ಉಪ್ಪು ಹಿಡಿದು ನಿಂತು, ತಟ್ಟೆ ಬಡಿದ ಸದ್ದಾದಾಗ ಹಾಕಬೇಕು. ಪಾತ್ರೆ ದೊಡ್ಡದೋ ಸಣ್ಣದೋ ನೋಡುವುದು ಇನ್ನೊಬ್ಬರ ಕೆಲಸ. ಜನ ಗೊಣಗುತ್ತಲೇ ಉಂಡರು, ಬೇರೆ ಹೋಟೆಲಿರಲಿಲ್ಲ. ರಾಯರು ಮಾತ್ರ ಮೊದಲ ತುತ್ತಿಗೇ ಕಣ್ಣು ಮುಚ್ಚಿ, ನಿನ್ನೆಯದೇ, ಅಚ್ಚು ನಿನ್ನೆಯದೇ ಎಂದು ಸಂತೋಷಪಟ್ಟರು. ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಅದನ್ನು ಅವರೂ ಗಮನಿಸಿದಂತಿರಲಿಲ್ಲ.

ವಾದಿರಾಜನ ಗುನುಗು ನಿಂತುಹೋಯಿತು. ಮನೆಗೆ ಬಂದವನು ಕಂಡದ್ದನ್ನೆಲ್ಲ ಮುಚ್ಚತೊಡಗಿದ. ನೀರಿನ ಲೋಟಕ್ಕೊಂದು ತಟ್ಟೆ, ಹೂವಿನ ಕುಂಡಕ್ಕೊಂದು ತಟ್ಟೆ, ಹಿತ್ತಲಿನ ಒರಳಿಗೂ ಒಂದು ಹಲಗೆ. ಕೈಗೆ ಉಳಿದದ್ದು ಅದೊಂದೇ, ಪಾಪ ಅದನ್ನಾದರೂ ಮಾಡಬೇಕಲ್ಲ. ಒಂದು ಸಲ ನಾನು ರಾಯರನ್ನು ಬೈಯುತ್ತಾ ಕುಳಿತಿದ್ದಾಗ ಮೆಲ್ಲಗೆ ಬಂದು ನನ್ನ ಬಾಯಿಯ ಮುಂದೆ ಮುಚ್ಚಳ ಹಿಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ನಗುತ್ತಾ ಅವನು ಅಳತೊಡಗಿದ್ದು ನನಗೆ ತಡವಾಗಿ ತಿಳಿಯಿತು.

ಮಾರನೆಯ ದಿನ ನಾನು ರಾಯರ ಮುಂದೆ ನಿಂತು, ಅಡುಗೆಯ ಕೆಲಸವನ್ನು ಮತ್ತೆ ಕೂಡಿಸಿ ಎಂದು ಕೇಳಿದೆ. ಒಡೆದದ್ದನ್ನು ಕೂಡಿಸುವ ಅಧಿಕಾರ ಮುಖ್ಯಸ್ಥರಿಗೆ ಮಾತ್ರ ಇತ್ತು. ಅವರು ಕುರ್ಚಿ ಒರೆಸಿ ನನ್ನನ್ನು ಕೂರಿಸಿದರು.

"ಕುಮುದಾ ಅವರೇ, ಒಡೆಯೋದು ಶಾಸ್ತ್ರ. ಕೂಡಿಸೋದು ಬರೀ ಮನೆಮಂದಿಯ ಆಸೆ," ಎಂದರು. "ಅದೂ ಅಲ್ಲದೆ ಮುಚ್ಚಳ ಇನ್ನೂ ಪೂರ್ತಿ ಒಡೆದಿಲ್ಲ. ಮುಚ್ಚೋದು ಬೇರೆ, ತೆಗೆಯೋದು ಬೇರೆ ಅಲ್ವಾ? ಬರೋ ವಾರ ಅದನ್ನ ನೋಡೋಣ."

ಮುಚ್ಚುವುದಷ್ಟೇ ಬಂದು ತೆಗೆಯಲು ಬಾರದವನಾದರೆ ಅವನು ಮನೆಯಲ್ಲಿ ಏನಾಗುತ್ತಾನೆ ಎಂದು ಯೋಚಿಸುತ್ತಲೇ ಮನೆಯ ದಾರಿ ಸವೆಸಿದೆ. ಅವನಿಗೆ ಹೇಳಲಿಲ್ಲ.

ಆ ವಾರದಲ್ಲೇ ಇನ್ನೊಂದು ಸುದ್ದಿ ಬಂತು. ರಾಯರ ಕೆಲಸದ ಕೀರ್ತಿ ಕೇಳಿ ರಾಜಧಾನಿಯಿಂದ ಮೂವರು ಅಧಿಕಾರಿಗಳು ನೋಡಲು ಬರುತ್ತಾರಂತೆ. ರಾಯರು ಹಗಲೆಲ್ಲ ಕರಿಹಲಗೆಯ ಮುಂದೆ ನಿಂತು, ಅವರಿಗೆ ತೋರಿಸಲು ಇನ್ನೂ ಒಡೆಯದ ಒಂದು ಕೆಲಸ ಬೇಕಲ್ಲ ಎಂದು ಚಡಪಡಿಸಿದರು. ಊರಿನಲ್ಲಿ ಅಂಥದ್ದು ಉಳಿದಿರಲಿಲ್ಲ. ಹೆಣ ಹೊರುವವರ ಹೆಗಲನ್ನೂ ಎಡ ಬಲ ಮಾಡಿ ಆಗಿತ್ತು. ಅವರು ನನ್ನ ಕಡೆ ತಿರುಗಿ ಏನಾದರೂ ಹೊಳೆಯುತ್ತದೆಯೇ ಎಂದು ಕೇಳಿದರು. ನನಗೆ ಹೊಳೆದದ್ದನ್ನು ಹೇಳಿದೆ.

"ಊರಲ್ಲಿ ಇಡಿಯಾಗಿ ಉಳಿದಿರೋ ಕೆಲಸ ಒಂದೇ ಸಾರ್. ನಿಮ್ಮದು."

ರಾಯರು ಸೀಮೆಸುಣ್ಣವನ್ನು ಬೆರಳುಗಳ ನಡುವೆ ತಿರುಗಿಸಿದರು. ಸಿಟ್ಟಾದರೇನೋ ಎಂದುಕೊಂಡೆ. ಆದರೆ ಅವರ ಮುಖದ ಮೇಲೆ ನಿಧಾನವಾಗಿ ಒಂದು ಕಳೆ ಬಂತು. ಮುಖ್ಯಸ್ಥನ ಕೆಲಸವನ್ನು ಒಡೆದವರು ಇದುವರೆಗೆ ಯಾರೂ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಕರಿಹಲಗೆಯನ್ನು ತಾವೇ ಒರೆಸಿದರು, ಚೌಕಗಳನ್ನು ತಾವೇ ಬರೆದರು. ನಾನು ಡಸ್ಟರು ಹಿಡಿದುಕೊಂಡು ನಿಂತಿದ್ದೆ, ಅಷ್ಟೇ ನನ್ನ ಪಾತ್ರ. ಅಂಗಡಿಗಳಿಗೆ ಹೋಗಿ ನೋಡುವುದು, ಜನರನ್ನು ವಿಚಾರಿಸುವುದು, ಗೆರೆ ಎಳೆಯುವುದು ಎಂದು ಬರೆದು ಕಚೇರಿಯವರಿಗೆ ಹಂಚಿದರು. ಆಮೇಲೆ ಮೂರು ಉಳಿದವು. ಇನ್ನೂ ಎನ್ನುವುದು, ಸಾಕು ಎನ್ನುವುದು, ಕೂಡಿಸುವುದು. ಇನ್ನೂ ಎನ್ನುವುದು ಈ ಶಾಸ್ತ್ರದ ಜೀವಾಳ, ಅದು ತಮ್ಮಲ್ಲೇ ಇರಬೇಕು ಎಂದರು. ಮಿಕ್ಕ ಎರಡರ ಮೇಲೆ ಸೀಮೆಸುಣ್ಣದಿಂದ ತಟ್ಟಿ, ಇವು ಬಳಕೆಯಲ್ಲೇ ಇಲ್ಲದ ಕೆಲಸಗಳು, ಯಾರ ಹತ್ತಿರ ಇದ್ದರೂ ನಡೆಯುತ್ತದೆ, ನೀವೇ ಇಟ್ಟುಕೊಳ್ಳಿ ಎಂದು ಉದಾರವಾಗಿ ನನಗೆ ಕೊಟ್ಟರು. ದ್ಯಾವಪ್ಪ ಜಗಲಿಗೆ ಹೋಗಿ ಕೂಗಿದ.

ಮಧ್ಯಾಹ್ನ ರಾಯರು ಗೋಡೆಯ ಮೇಲೆ ಉಳಿದಿದ್ದ ಮುಚ್ಚಳದ ಚೌಕದ ಮುಂದೆ ನಿಂತು ಇನ್ನೂ ಒಡೆಯಬಹುದು ಎಂದರು. ನಾನು ಸಾಕು ಎಂದೆ. ಅವರು ಬಾಯಿ ತೆರೆದು, ಮುಚ್ಚಿ, ಸೀಮೆಸುಣ್ಣ ಕೆಳಗಿಟ್ಟರು. ಒಂದು ಮಾತಿಗೆ ಅಷ್ಟು ತೂಕವಿರುತ್ತದೆಂದು ನನಗೂ ಗೊತ್ತಿರಲಿಲ್ಲ. ನಾಲಿಗೆಯ ಮೇಲೆ ಇನ್ನೊಂದು ಸಲ ಉರುಳಿಸಿ ನೋಡಬೇಕೆನಿಸಿತು.

ಅಡುಗೆಯನ್ನು ಕೂಡಿಸುತ್ತಾಳಂತೆ ಎಂಬ ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ನಾನು ಹೋಗುವಷ್ಟರಲ್ಲಿ ಹೋಟೆಲಿನ ಕೆಲಸದವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಸಾಸಿವೆಯವನು, ಹುಳಿ ಹಿಂಡುವವಳು, ತಟ್ಟೆ ಬಡಿಯುವವನು. ಮುಂದೆ ನಿಂತವಳು ಮಲ್ಲಾಜಮ್ಮ. ಬೈಯಲು ಬಂದಿದ್ದಾರೆ ಎಂದುಕೊಂಡಿದ್ದೆ. ಅವಳ ದನಿ ಏರಲಿಲ್ಲ.

"ಉಪ್ಪು ಹಾಕೋದು ಒಂದು ಕೆಲಸವಾ ಅಂತ ಎಲ್ರೂ ನಗ್ತಾರೆ ಕಣವ್ವ, ನಗ್ಲಿ," ಎಂದಳು. "ಮೊದ್ಲು ನಿಂದೇನು ಕೆಲ್ಸ ಅಂತ ಕೇಳೋರೇ ಇರ್ಲಿಲ್ಲ ನಂಗೆ. ನಿನ್ ಗಂಡಂಗೆ ಎಲ್ಲ ವಾಪಸ್ ಕೊಟ್ಬಿಟ್ರೆ ನಾ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂತ್ಕಬೇಕಾ?"

ಎಷ್ಟು ಸಣ್ಣದಾಗಿ ಒಡೆಯಬಾರದು ಎಂದು ಇಷ್ಟು ದಿನ ರಾಯರೊಂದಿಗೆ ವಾದಿಸಿದ್ದೆ. ಎಷ್ಟು ದೊಡ್ಡದಾಗಿ ಕೂಡಿಸಬಾರದು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಇಡೀ ಅಡುಗೆಮನೆಯನ್ನು ಎತ್ತಿ ಗಂಡನ ಮಡಿಲಿಗೆ ಹಾಕುವುದು, ಅವನ ಗುನುಗು ಮತ್ತೆ ಕೇಳುವುದು, ನನ್ನ ಮನಸ್ಸಿನಲ್ಲಿದ್ದದ್ದು ಅಷ್ಟೇ. ಇವರೆಲ್ಲ ಎಲ್ಲಿಗೆ ಹೋಗಬೇಕೆಂದು ಯೋಚಿಸಿರಲೇ ಇಲ್ಲ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ವಾದಿರಾಜ ಹೊರಗೆ ಬಂದ. ಕೈಯಲ್ಲಿ ಮುಚ್ಚಳವಿತ್ತು. ಮಲ್ಲಾಜಮ್ಮನನ್ನು ಮೇಲಿಂದ ಕೆಳಗೆ ನೋಡಿದ.

"ಪಲ್ಯ ಇವರಿಗೆ ಕೊಡು," ಎಂದ ನನಗೆ. ಸ್ವಲ್ಪ ತಡೆದು, "ಅನ್ನ, ಸಿಹಿನೂ ಯಾರಿಗಾದರೂ ಕೊಡು. ಸಾರು ಮಾತ್ರ ಯಾರಿಗೂ ಕೊಡಬೇಡ," ಎಂದ.

ಹಾಗೆ ಸಾರನ್ನು ವಾದಿರಾಜನಿಗೆ ಬಿಟ್ಟು, ಮಿಕ್ಕದ್ದನ್ನು ಪಾತ್ರೆಗೆ ಇಬ್ಬಿಬ್ಬರಂತೆ ಕೂಡಿಸಿ, ದ್ಯಾವಪ್ಪನಿಂದ ಕೂಗಿಸಿದೆ. ಒಂದು ಪಾತ್ರೆ ಒಲೆಯೇರಿ ಇಳಿಯುವವರೆಗೆ ಅದು ಅವರದು, ಕೆಟ್ಟರೂ ಅವರದು. ಕೆಲವರಿಗೆ ಸಂತೋಷವಾಯಿತು. ತಟ್ಟೆ ಬಡಿಯುವವನು, ಜವಾಬ್ದಾರಿ ಬೇಡವೆಂದೇ ತಾನು ಆ ಕೆಲಸ ಹಿಡಿದದ್ದು ಎಂದು ನನ್ನ ಮೇಲೆ ಹರಿಹಾಯ್ದ. ಮಲ್ಲಾಜಮ್ಮ ಮೊದಲ ದಿನವೇ ಹುರುಳಿಕಾಯಿ ಪಲ್ಯ ಸೀಯಿಸಿದಳು. ಜನ ಸೀದದ್ದನ್ನು ಕುರಿತು ಅವಳ ಮುಖಕ್ಕೇ ಹೇಳಿದರು, ಅವಳು ತಿರುಗಿಸಿ ಕೊಟ್ಟಳು. ಹೋಟೆಲಿನಲ್ಲಿ ಮತ್ತೆ ಜಗಳವಾಡುವಂಥದ್ದು ಏನಾದರೂ ಸಿಗತೊಡಗಿತು. ವಾದಿರಾಜ ಮಾತ್ರ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಆಮೇಲೆ ಕೈ ತಾನಾಗಿ ಬೇಳೆಗೆ ಹೋಯಿತಂತೆ. ಅವನ ಮೊದಲ ಸಾರಿಗೆ ಖಾರ ಹೆಚ್ಚಾಗಿತ್ತು. ಪಲ್ಯ ಕೈ ತಪ್ಪಿಹೋದ ಸಿಟ್ಟು ಎಂದು ನಾನೆಂದೆ. ಅವನು ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿದ.

ಕೆಲವು ದಿನಗಳ ಮೇಲೆ ರಾಜಧಾನಿಯ ಅಧಿಕಾರಿಗಳು ಬಂದರು. ರಾಯರು ಅವರನ್ನು ಕರಿಹಲಗೆಯ ಮುಂದೆ ಕೂರಿಸಿ ವಿವರಿಸತೊಡಗಿದರು. ವಿವರಣೆ ಮುಗಿಯುವ ಲಕ್ಷಣ ಕಾಣಲಿಲ್ಲ. ಅತಿಥಿಗಳು ಆಕಳಿಸಿದರು, ರಾಯರು ಬೆವರೊರೆಸಿಕೊಂಡು ಮತ್ತೊಂದು ಚೌಕ ಬರೆಸಿದರು. ಅವರ ದನಿ ಒಡೆಯತೊಡಗಿದಾಗ ನಾನು ಸಾಕು ಸಾರ್, ಊಟಕ್ಕೆ ಹೋಗೋಣ ಎಂದೆ. ರಾಯರು ಅಲ್ಲಿಗೇ ನಿಂತು ದೀರ್ಘವಾಗಿ ಉಸಿರು ಬಿಟ್ಟರು. ನನ್ನ ಕಡೆ ನೋಡಿದ ಆ ನೋಟದಲ್ಲಿ ಕೃತಜ್ಞತೆಯೂ ಇತ್ತು, ಅದನ್ನು ಮುಚ್ಚಿಕೊಳ್ಳುವ ಗತ್ತೂ ಇತ್ತು. ದಾರಿಯಲ್ಲಿ ಅಧಿಕಾರಿಗಳು ಈ ಪದ್ಧತಿಯನ್ನು ರಾಜಧಾನಿಯಲ್ಲೂ ತರಬೇಕೆಂದು ಮಾತಾಡಿಕೊಂಡರು. ವಿವರಣೆ ಅರ್ಥವಾಗದಿದ್ದದ್ದರಿಂದ ಅವರಿಗೆ ಅದರ ಮೇಲೆ ಗೌರವ ಬಂದಿತ್ತು.

ಪರಶಿವಯ್ಯನವರು ಅವರಿಗೆ ಮುಂದಿನ ಸಾಲಿನಲ್ಲಿ ಎಲೆ ಹಾಕಿಸಿದರು. ನಾನು ಎದುರು ಸಾಲಿನಲ್ಲಿ ಕುಳಿತೆ. ಅವತ್ತು ವಾದಿರಾಜನ ಸಾರು ಹದವಾಗಿ ಬಂದಿತ್ತು. ಒಳಗಿನಿಂದ ಗುನುಗು ಕೇಳುತ್ತಿತ್ತು. ಬಡಿಸುವವನು ಬಕೆಟ್ಟು ಹಿಡಿದು ರಾಯರ ಎಲೆಯ ಮುಂದೆ ಬಂದು ಅನ್ನಕ್ಕೆ ಒಂದು ಸೌಟು ಹಾಕಿದ. ರಾಯರು ಅದರ ಪರಿಮಳಕ್ಕೇ ಕಣ್ಣು ಮುಚ್ಚಿ, ಇನ್ನೂ ಎಂದರು. ಇನ್ನೊಂದು ಹಾಕಿದ. ಮೂರನೆಯದು ಹಾಕಿದ. ನಮ್ಮೂರಿನಲ್ಲಿ ಉಣ್ಣುವವರು ಸಾಕು ಎನ್ನಬೇಕು, ಇಲ್ಲವೇ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಅಲ್ಲಿಯವರೆಗೆ ಬಡಿಸುವವನು ನಿಲ್ಲಿಸುವುದಿಲ್ಲ. ರಾಯರ ಕೈ ತೊಡೆಯ ಮೇಲಿಂದ ಏಳಲಿಲ್ಲ. ಬಾಯಿ ಎರಡು ಮೂರು ಸಲ ತೆರೆಯಿತು, ಪ್ರತಿ ಸಲವೂ ಹೊರಗೆ ಬಂದದ್ದು ಇನ್ನೂ ಎಂಬುದೇ. ಅನ್ನ ಮುಳುಗಿತು. ಪಲ್ಯ ತೇಲಿತು. ಸಾರು ಎಲೆಯ ಅಂಚು ದಾಟಿ ಮೇಜಿನ ಮೇಲೆ ಹರಿದು ಅವರ ಬಿಳಿಯ ಪಂಚೆಗೆ ಇಳಿಯಿತು. ಅಧಿಕಾರಿಗಳು ಇದು ಈ ಊರಿನ ಊಟದ ಮರ್ಯಾದೆಯಿರಬೇಕೆಂದು ತಿಳಿದು, ತಾವೂ ಸಾಕು ಎನ್ನದೆ, ತಮ್ಮ ಮಡಿಲುಗಳಿಗೆ ಬಿಸಿ ಸಾರು ಇಳಿಯುವುದನ್ನು ಗಂಭೀರವಾಗಿ ಸಹಿಸಿಕೊಂಡು ಕುಳಿತರು.

ರಾಯರು ನನ್ನ ಕಡೆ ನೋಡಿದರು. ಇಷ್ಟು ದಿನದಲ್ಲಿ ಅವರು ನನ್ನಿಂದ ಏನನ್ನೂ ಬೇಡಿದ್ದಿಲ್ಲ, ಈಗ ಕಣ್ಣಲ್ಲೇ ಬೇಡುತ್ತಿದ್ದರು. ಹೇಳಲು ನನಗೇನೂ ಅಭ್ಯಂತರವಿರಲಿಲ್ಲ. ಆದರೆ ಬಾಯಲ್ಲಿ ತುತ್ತಿತ್ತು, ಅದೂ ವಾದಿರಾಜನ ಸಾರಿನ ತುತ್ತು. ನುಂಗಿದ ಮೇಲೆ ಹೇಳೋಣ ಎಂದುಕೊಂಡು ನಿಧಾನವಾಗಿ ಅಗಿಯತೊಡಗಿದೆ.